ಆಡಿಟರ್ ಆಫೀಸಿನ ನೌಕರಿ: ಶಿರಸಿ, ಕಾರವಾರದ ಕಡೆ ದುಡಿಮೆ ಹೇಗಿರುತ್ತದೆ, ಬಡ್ತಿ ಎಲ್ಲಿಗೆ ನಿಲ್ಲುತ್ತದೆ

ಶಿರಸಿಯಲ್ಲಾಗಲಿ, ಕುಮಟಾ ಕಾರವಾರದಲ್ಲಾಗಲಿ, ಬಿ.ಕಾಂ. ಮುಗಿಸಿದವರಿಗೆ ಊರು ಬಿಡದೆ ಸಿಗುವ ಮೊದಲ ಕೆಲಸಗಳಲ್ಲಿ ಆಡಿಟರ್ ಆಫೀಸಿನದೊಂದು. ಸೇರುವಾಗ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಸಂಬಳ ಎಷ್ಟು, ಮುಂದೇನು? ಮೊದಲನೆಯದಕ್ಕೆ ಉತ್ತರವಿದೆ, ಅದು ಸಣ್ಣದು. ಎರಡನೆಯದಕ್ಕೆ ಸಿಗುವುದು "ಕೆಲಸ ಕಲಿತರೆ ಎಲ್ಲಿ ಬೇಕಾದರೂ ಬದುಕಬಹುದು" ಎಂಬ ಮಾತು. ಮಾತು ಸುಳ್ಳಲ್ಲ, ಆದರೆ ಯಾವ ಕೆಲಸ, ಯಾವ ಮಟ್ಟದವರೆಗೆ ಎಂಬುದನ್ನು ಅದು ಹೇಳುವುದಿಲ್ಲ. ಈ ವೃತ್ತಿಯಲ್ಲಿ ದುಡಿಮೆಯ ಹೊರೆಯನ್ನು ನಿರ್ಧರಿಸುವುದು ಸರ್ಕಾರದ ಗಡುವಿನ ಪಟ್ಟಿ. ಬೆಳವಣಿಗೆಯನ್ನು ನಿರ್ಧರಿಸುವುದು ಯಾವ ಕಾಗದದ ಮೇಲೆ ಯಾರು ಸಹಿ ಹಾಕಬಹುದು ಎಂಬ ಕಾನೂನು. ಇವೆರಡು ಗೊತ್ತಿಲ್ಲದೆ ಸೇರಿದವರೇ ನಾಲ್ಕು ವರ್ಷದ ಮೇಲೆ ಸೇರಿದ ಕುರ್ಚಿಯಲ್ಲೇ ಕೂತಿರುತ್ತಾರೆ.

ಎಲ್ಲವೂ ಆಡಿಟರ್ ಆಫೀಸಲ್ಲ

ಜನರ ಬಾಯಲ್ಲಿ ಲೆಕ್ಕಪತ್ರ ನೋಡುವ ಎಲ್ಲ ಕೋಣೆಗಳೂ ಆಡಿಟರ್ ಆಫೀಸೇ. ಒಳಗೆ ನೋಡಿದರೆ ಮೂರು ಬಗೆ. ಚಾರ್ಟರ್ಡ್ ಅಕೌಂಟೆಂಟ್ (ಸಿಎ) ನಡೆಸುವ ಸಂಸ್ಥೆ ಒಂದು. ಜಿಎಸ್‌ಟಿ ಪ್ರಾಕ್ಟೀಶನರ್ ಅಥವಾ ತೆರಿಗೆ ಸಲಹೆಗಾರರ ಕಚೇರಿ ಇನ್ನೊಂದು. ಬರೀ ಟ್ಯಾಲಿ ತಂತ್ರಾಂಶದ ಎಂಟ್ರಿ, ಬಿಲ್ಲು, ಆನ್‌ಲೈನ್ ಅರ್ಜಿ ಮಾಡಿಕೊಡುವ ಅಂಗಡಿ ಮೂರನೆಯದು. ಕೂತು ಮಾಡುವ ಕೆಲಸ ಮೂರರಲ್ಲೂ ಮೊದಲ ವರ್ಷ ಒಂದೇ ಥರ ಕಾಣುತ್ತದೆ. ವ್ಯತ್ಯಾಸ ಇರುವುದು ಸಹಿಯಲ್ಲಿ.

ರಿಟರ್ನ್ ತುಂಬಲು, ಜಿಎಸ್‌ಟಿ ನೋಂದಣಿ ಮಾಡಿಸಲು ಸಿಎ ಬೇಕಿಲ್ಲ. ತೆರಿಗೆ ಆಡಿಟ್ ವರದಿ, ಕಂಪನಿಯ ಶಾಸನಬದ್ಧ ಆಡಿಟ್, ಬ್ಯಾಂಕ್ ಶಾಖೆಯ ಶಾಸನಬದ್ಧ ಆಡಿಟ್‌ಗೆ ಸಿಎ ಸಹಿಯೇ ಬೇಕು. 2019ರಿಂದ ಆ ಸಹಿಯ ಜೊತೆ ಯುಡಿಐಎನ್ ಎಂಬ 18 ಅಂಕಿಯ ಗುರುತು ಸಂಖ್ಯೆಯೂ ಕಡ್ಡಾಯ. ಹಾಗಾಗಿ ಎರವಲು ಸಹಿಯ ಹಳೆಯ ಆಟಗಳು ಈಗ ಸುಲಭಕ್ಕೆ ನಡೆಯುವುದಿಲ್ಲ. ಇನ್ನೂ ಮುಖ್ಯವಾದ ಗೋಡೆ ಒಂದಿದೆ. ಸಿಎ ಆದವರು ತಮ್ಮ ವೃತ್ತಿಯ ಲಾಭದಲ್ಲಿ ಯೋಗ್ಯತಾ ಪರೀಕ್ಷೆ ಪಾಸಾಗದ ಸಿಬ್ಬಂದಿಗೆ ಪಾಲು ಕೊಟ್ಟರೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಅದನ್ನು ವೃತ್ತಿ ದುರ್ನಡತೆ ಎಂದು ಎಣಿಸುತ್ತದೆ. ಅಂದರೆ ಹದಿನೈದು ವರ್ಷ ದುಡಿದ, ಇಡೀ ಆಫೀಸನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡ ಹಿರಿಯ ಸಹಾಯಕರೂ ಅಲ್ಲಿ ಪಾಲುದಾರರಾಗುವಂತಿಲ್ಲ. ಸಂಬಳ ಏರಬಹುದು, ಬೋನಸ್ಸು ಬರಬಹುದು, ಪಾಲು ಬರುವುದಿಲ್ಲ. "ಮುಂದೆ ನಿನ್ನನ್ನೂ ಪಾಲುದಾರ ಮಾಡುತ್ತೇನೆ" ಎಂಬ ಮಾತನ್ನು ಸಿಎ ಪರೀಕ್ಷೆ ಕಟ್ಟದವರು ನಂಬಿ ಕೂರಬಾರದು.

ಗೋಡೆಗೆ ಇನ್ನೊಂದು ಮಗ್ಗುಲೂ ಇದೆ. ಒಬ್ಬ ಸಿಎ ವರ್ಷಕ್ಕೆ 60ಕ್ಕಿಂತ ಹೆಚ್ಚು ತೆರಿಗೆ ಆಡಿಟ್ ಒಪ್ಪಿಕೊಳ್ಳುವಂತಿಲ್ಲ. ಒಬ್ಬರೇ ನಡೆಸುವ ಆಫೀಸು ಆ ಸಂಖ್ಯೆಯ ಹತ್ತಿರ ಬಂದಾಗ ಮುಂದೆ ಬೆಳೆಯಲು ಇರುವ ದಾರಿ ಇನ್ನೊಬ್ಬ ಸಿಎ. ಅದೇ ಆಫೀಸಿನಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರ ಕಡ್ಡಾಯ ತರಬೇತಿ ಮಾಡಿ, ಪಾರ್ಟಿಗಳ, ಅಂದರೆ ಗಿರಾಕಿಗಳ ಪರಿಚಯ ಇಟ್ಟುಕೊಂಡು, ಪಾಸಾಗಿ ಬಂದವರಿಗೆ ಆಗ ಬೆಲೆ. ಜಾಹೀರಾತು ಕೊಟ್ಟು ಗಿರಾಕಿ ಹಿಡಿಯುವುದು ಸಿಎಗಳಿಗೆ ನಿಷಿದ್ಧವಾದ್ದರಿಂದ ಊರಿನ ಪರಿಚಯವೇ ಬಂಡವಾಳ.

ವರ್ಷ ಹೇಗೆ ತಿರುಗುತ್ತದೆ

ತಿಂಗಳಿಗೊಂದು ಚಕ್ರ ಇದೆ, ವರ್ಷಕ್ಕೊಂದು ಚಕ್ರ ಇದೆ. ತಿಂಗಳ ಚಕ್ರದಲ್ಲಿ 7ನೇ ತಾರೀಕು ಟಿಡಿಎಸ್ (ಪಾವತಿಸುವಾಗಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಇರುವ ಜಿಎಸ್‌ಟಿಆರ್-1. ಖರೀದಿಯ ತೆರಿಗೆ ಜಮೆ ತೋರಿಸುವ 2ಬಿ ಪಟ್ಟಿ 14ರಂದು ಬರುತ್ತದೆ. 15 ಪಿಎಫ್ ಮತ್ತು ಇಎಸ್‌ಐ ಕಟ್ಟುವ ದಿನ, 20 ತಿಂಗಳ ಜಿಎಸ್‌ಟಿ ಕಟ್ಟಿ ಹಾಕುವ ರಿಟರ್ನ್ ಜಿಎಸ್‌ಟಿಆರ್-3ಬಿ ದಿನ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿಗಳಿಗೆ ಕರ್ನಾಟಕದಲ್ಲಿ 3ಬಿ ಗಡುವು 22. ಹೀಗಾಗಿ 8ರಿಂದ 11, ಮತ್ತೆ 15ರಿಂದ 20 ಎಲ್ಲ ತಿಂಗಳೂ ಬಿಗಿ. 23ರಿಂದ ತಿಂಗಳ ಕೊನೆಯವರೆಗೆ ಉಸಿರಾಡಬಹುದು. ಮದುವೆ, ಮುಂಜಿ, ಪರೀಕ್ಷೆಗೆ ರಜೆ ಕೇಳುವವರು ಈ ಒಂದು ವಾರವನ್ನು ಮೊದಲು ನೋಡುವುದು ಜಾಣತನ.

ವರ್ಷದ ಚಕ್ರ ಇನ್ನೂ ಕಟು. ಏಪ್ರಿಲ್ ಬ್ಯಾಂಕ್ ಶಾಖೆಗಳ ಆಡಿಟ್‌ನಿಂದ ಶುರು. ಮೇ 31ಕ್ಕೆ ಕೊನೆಯ ತ್ರೈಮಾಸಿಕದ ಟಿಡಿಎಸ್ ರಿಟರ್ನ್. ಜುಲೈ 31ಕ್ಕೆ ಸಂಬಳದಾರರ ಆದಾಯ ತೆರಿಗೆ ರಿಟರ್ನ್. ಸೆಪ್ಟೆಂಬರ್ 30ಕ್ಕೆ ತೆರಿಗೆ ಆಡಿಟ್ ವರದಿ, ಅಕ್ಟೋಬರ್ 31ಕ್ಕೆ ಆಡಿಟ್ ಆದವರ ರಿಟರ್ನ್, ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನ್. ನಡುವೆ ಸಹಕಾರಿ ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು, ಅದಕ್ಕೆ ಮುಂಚೆ ಅವುಗಳ ಆಡಿಟ್ ಮುಗಿದಿರಬೇಕು.

ಈ ದಿನಗಳಲ್ಲಿ ಹೆಚ್ಚಿನವು ದೇಶಕ್ಕೆಲ್ಲ ಒಂದೇ. ಆದರೆ ಉತ್ತರ ಕನ್ನಡದಲ್ಲಿ ಅವು ಬೀಳುವ ಹೊತ್ತು ನೋಡಿ. ಜುಲೈ ಅಂದರೆ ಮಲೆನಾಡಿನ ಗಟ್ಟಿ ಮಳೆ. ಕರೆಂಟು ಹೋದರೆ ಬರುವುದು ಯಾವಾಗ ಎಂದು ಹೆಸ್ಕಾಂನವರಿಗೂ ಗೊತ್ತಿರುವುದಿಲ್ಲ. ಕಂಪ್ಯೂಟರಿಗೆ ಯುಪಿಎಸ್ ಇದ್ದರೆ ಸಾಲದು, ಇಂಟರ್ನೆಟ್ ರೌಟರಿಗೂ ಬ್ಯಾಕಪ್ ಬೇಕು ಎಂಬುದು ಹೊಸ ಆಫೀಸುಗಳಿಗೆ ಮೊದಲ ಮಳೆಗಾಲದಲ್ಲೇ ಅರ್ಥವಾಗುತ್ತದೆ. ಸೆಪ್ಟೆಂಬರ್ ಗಡುವಿನ ಬಿಸಿ ಏರುವ ಹೊತ್ತಿಗೇ ಚೌತಿ. ಕರಾವಳಿಯಲ್ಲಿ ಚೌತಿಗೆ ಮನೆಗೆ ಹೋಗದವರಿಲ್ಲ, ಬರುವ ಪಾರ್ಟಿಗಳೂ ಹಬ್ಬ ಮುಗಿಸಿಯೇ ಬಿಲ್ಲಿನ ಚೀಲ ತರುತ್ತಾರೆ. ಒಂದೂವರೆ ತಿಂಗಳ ಕೆಲಸ ಕೊನೆಯ ಹದಿನೈದು ದಿನಕ್ಕೆ ಕುಸಿಯುವುದು ಹೀಗೆ. ಗಡುವು ಕೆಲವೊಮ್ಮೆ ಮುಂದಕ್ಕೆ ಹೋಗುತ್ತದೆ ನಿಜ, ಆದರೆ ಆ ಸುದ್ದಿ ಬರುವ ಹೊತ್ತಿಗೆ ರಾತ್ರಿ ಕೂತು ಕೆಲಸ ಮುಗಿಸಿದವರು ಮುಗಿಸಿಯೇ ಆಗಿರುತ್ತದೆ.

ಆಮೇಲೆ ಒಟಿಪಿ. ಹೊರಗಿನವರಿಗೆ ನಗು ಬರಬಹುದು, ಆದರೆ ಈ ಕೆಲಸದ ಅರ್ಧ ಸಿಟ್ಟು ಅಲ್ಲಿದೆ. ರಿಟರ್ನ್ ಸಲ್ಲಿಸಲು ಪಾರ್ಟಿಯ ಮೊಬೈಲಿಗೆ ಬರುವ ಆರಂಕಿ ಬೇಕು. ಜೋಯಿಡಾ, ಸಿದ್ದಾಪುರ, ಯಲ್ಲಾಪುರದ ಒಳ ಊರುಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕು. ಬೋಟಿನ ಮಾಲೀಕರು ಸಮುದ್ರದಲ್ಲಿದ್ದರೆ ದಡಕ್ಕೆ ಬರುವವರೆಗೆ ಕಾಯಬೇಕು. ಅನುಭವಿಗಳು 3ಬಿ ಕರಡನ್ನು 17ಕ್ಕೇ ತಯಾರು ಮಾಡಿ, ಸಿಗ್ನಲ್ ಇಲ್ಲದ ಪಾರ್ಟಿಗಳ ಪಟ್ಟಿಯನ್ನು ಬೇರೆ ಇಟ್ಟು, ಅವರಿಗೆ ಮೊದಲು ಫೋನ್ ಮಾಡುತ್ತಾರೆ. ಒಂದು ದಿನ ತಡವಾದರೆ 50 ರೂಪಾಯಿ ವಿಳಂಬ ಶುಲ್ಕ, ವ್ಯವಹಾರವೇ ಇಲ್ಲದ ರಿಟರ್ನಿಗೆ 20. ಮೊತ್ತ ಸಣ್ಣದು. ಆದರೆ ಅದನ್ನು ಯಾರು ತುಂಬಬೇಕು ಎಂಬ ಜಗಳ ಸಣ್ಣದಲ್ಲ.

ಇಲ್ಲಿನ ಫೈಲುಗಳು ಏನು ಕಲಿಸುತ್ತವೆ

ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿ ಒಬ್ಬರು ಆರು ತಿಂಗಳು ಒಂದೇ ಕಂಪನಿಯ ಸ್ಥಿರಾಸ್ತಿ ಪಟ್ಟಿ ನೋಡುತ್ತಾ ಕೂರಬಹುದು. ಶಿರಸಿಯ ಆಫೀಸಿನಲ್ಲಿ ಅದೇ ಆರು ತಿಂಗಳಲ್ಲಿ ಅಡಿಕೆ ವ್ಯಾಪಾರಿ, ಸೊಸೈಟಿ, ಹೋಂಸ್ಟೇ, ಗುತ್ತಿಗೆದಾರ, ಡಾಕ್ಟರು ಎಲ್ಲರ ಲೆಕ್ಕವೂ ಕೈಗೆ ಬರುತ್ತದೆ. ಬಿಲ್ಲಿನ ಚೀಲದಿಂದ ಅಢಾವೆ ಪತ್ರಿಕೆಯವರೆಗೆ (ಬ್ಯಾಲೆನ್ಸ್ ಶೀಟ್) ಇಡೀ ಸರಪಳಿ ಕಾಣಸಿಗುವುದು ಸಣ್ಣ ಊರಿನ ದೊಡ್ಡ ಲಾಭ. ಆದರೆ ಫೈಲನ್ನು ಎಂಟ್ರಿ ಎಂದು ನೋಡಿದರೆ ಏನೂ ಸಿಗದು.

ಅಡಿಕೆಯನ್ನೇ ತಗೊಳ್ಳಿ. ವಖಾರಿ ಇಟ್ಟವರು ಸ್ವಂತಕ್ಕೆ ಕೊಂಡು ಮಾರುತ್ತಾರೋ, ಬೆಳೆಗಾರರ ಪರವಾಗಿ ಮಾರಿಸಿ ದಲಾಲಿ ಪಡೆಯುತ್ತಾರೋ ಎಂಬುದು ಮೊದಲ ಪ್ರಶ್ನೆ. ದಲಾಲಿಯಷ್ಟೇ ತನ್ನದು, ಲಾಭನಷ್ಟದ ಹೊಣೆ ಮಾಲಿನ ಒಡೆಯನದು ಎಂದಾದರೆ ಆತ ಕಚ್ಚಾ ಅಡತಿ. ಆತನ ವಹಿವಾಟು ಅಂದರೆ ದಲಾಲಿ ಮೊತ್ತ ಮಾತ್ರ. ಹೊಣೆ ತನ್ನದೇ ಆದರೆ ಪಕ್ಕಾ ಅಡತಿ; ಇಡೀ ಮಾರಾಟದ ಬೆಲೆ ಆತನ ವಹಿವಾಟು. ಆದಾಯ ತೆರಿಗೆ ಮಂಡಳಿ ಇದನ್ನು 1986ರಲ್ಲೇ 452ನೇ ಸುತ್ತೋಲೆಯಲ್ಲಿ ಬಿಡಿಸಿ ಹೇಳಿದೆ. ವಹಿವಾಟು ಒಂದು ಕೋಟಿ ದಾಟಿದರೆ ತೆರಿಗೆ ಆಡಿಟ್. ನಗದು ಜಮೆಯೂ ನಗದು ಪಾವತಿಯೂ ತಲಾ ಶೇ. 5 ಮೀರದಿದ್ದರೆ ಮಿತಿ 10 ಕೋಟಿ. ಹಾಗಾಗಿ ಕಚ್ಚಾ ಪಕ್ಕಾ ಗುರುತಿಸುವಲ್ಲಿ ತಪ್ಪಿದರೆ ಆಡಿಟ್ ಬೇಕೋ ಬೇಡವೋ ಎಂಬುದೇ ತಪ್ಪುತ್ತದೆ. ಹೊಸಬರು ಮಾಡುವ ಇನ್ನೊಂದು ತಪ್ಪು, ದಲಾಲರ ರಿಟರ್ನನ್ನೂ ಶೇ. 8ರ ಅಂದಾಜು ಲಾಭದ ಸರಳ ಫಾರಂನಲ್ಲಿ ಹಾಕುವುದು. ದಲಾಲಿ, ಕಮಿಷನ್ ಆದಾಯದವರಿಗೆ ಆ ಸೌಲಭ್ಯವೇ ಇಲ್ಲ.

ನಗದಿನ ಲೆಕ್ಕ ಇನ್ನೊಂದು ಪಾಠ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆಗೆ ಒಪ್ಪುವುದಿಲ್ಲ. ಬೆಳೆದವರಿಂದಲೇ ಕೊಂಡ ಕೃಷಿ ಉತ್ಪನ್ನಕ್ಕೆ, ಹಿಡಿದವರಿಂದಲೇ ಕೊಂಡ ಮೀನಿಗೆ ವಿನಾಯಿತಿ ಇದೆ. ಅದೇ ಚಾಲಿ ಅಡಿಕೆಯನ್ನು ಇನ್ನೊಬ್ಬ ವ್ಯಾಪಾರಿಯಿಂದ ಕೊಂಡರೆ ವಿನಾಯಿತಿ ಇಲ್ಲ. ಕಾರವಾರದ ಬೈತಖೋಲ್ ಮೀನುಗಾರಿಕೆ ಬಂದರಿನ ಲೆಕ್ಕಕ್ಕೆ 2008ರ ಒಂದು ಸುತ್ತೋಲೆ ಬಹಳ ಉಪಯುಕ್ತ. ಮೀನು ಅಂದರೆ ಸಿಗಡಿ, ಏಡಿ, ಬೊಂಡಾಸಿಯಂಥವೂ ಸೇರುತ್ತವೆ, ದಡದಲ್ಲಿ ಮೀನು ವಿಂಗಡಿಸಿ ಮಾರುವ ಮೀನುಗಾರರ ಮುಖ್ಯಸ್ಥನೂ ಉತ್ಪಾದಕನೇ, ಆದರೆ ನಡುವಿನ ದಲಾಲಿ ಅಲ್ಲ ಎಂದು ಅದು ಸ್ಪಷ್ಟಪಡಿಸಿದೆ. ಆದ್ದರಿಂದ ಖರೀದಿ ಚೀಟಿಯ ಮೇಲೆ ಹೆಸರಷ್ಟೇ ಇದ್ದರೆ ಸಾಲದು; ಬೆಳೆಗಾರರಾದರೆ ಊರು ಮತ್ತು ತೋಟದ ಸರ್ವೆ ನಂಬರು, ಮೀನಾದರೆ ಬೋಟಿನ ನೋಂದಣಿ ಸಂಖ್ಯೆ ಬರೆಸಿಡುವುದು ಒಳ್ಳೆಯ ಆಡಿಟ್ ಸಹಾಯಕರ ಗುರುತು. ಬೆಳೆಗಾರರಿಂದ ಕೊಂಡದ್ದಕ್ಕೆ ವಿನಾಯಿತಿ ಇದ್ದರೂ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕೂ ಮಿಕ್ಕಿ ನಗದು ಪಡೆದರೆ ಪಡೆದವರಿಗೇ ದಂಡ. ತೋಟಿಗರಿಗೆ ಇದನ್ನು ಹೇಳುವ ಕೆಲಸವೂ ಆಫೀಸಿನವರದೇ.

ದಾಸ್ತಾನಿನಲ್ಲಿ ರೂಪಾಯಿಗಿಂತ ಮೊದಲು ಕ್ವಿಂಟಲ್ ಹೊಂದಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪು ಗೋಟು, ಬಿಳಿ ಗೋಟು ಬೇರೆ ಬೇರೆ ದರದ ಮಾಲು. ಎಲ್ಲವನ್ನೂ "ಅಡಿಕೆ" ಎಂಬ ಒಂದೇ ಐಟಂನಲ್ಲಿ ಎಂಟ್ರಿ ಮಾಡಿದರೆ ಉಳಿದ ಮಾಲಿಗೆ ಬೆಲೆ ಕಟ್ಟಲು ದಾರಿಯಿಲ್ಲ. ಒಣಗಿ ಇಳಿದ ತೂಕ, ಆಯ್ದು ತೆಗೆದ ಕಸರು ಎಲ್ಲಿ ಬರೆದಿದೆ ಎಂದು ಕೇಳದೆ ಇದ್ದರೆ ವರ್ಷದ ಕೊನೆಗೆ ಪುಸ್ತಕದಲ್ಲಿ ಇರುವ ಮಾಲು ಗೋದಾಮಿನಲ್ಲಿ ಇರುವುದಿಲ್ಲ.

ಸೊಸೈಟಿಗಳದ್ದು ಇನ್ನೊಂದು ಲೋಕ. ಮುಂಬಯಿ ಪ್ರಾಂತ್ಯದ ಕಾಲದ ಪದಗಳು ಅಲ್ಲಿ ಈಗಲೂ ಜೀವಂತ: ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಲೆಡ್ಜರು), ಜಮಾಖರ್ಚು, ಅಢಾವೆ. ಟ್ಯಾಲಿ ಕಲಿತು ಬಂದವರಿಗೆ ಮೊದಲ ವಾರ ತಲೆ ತಿರುಗುತ್ತದೆ. ಸದಸ್ಯರ ಮಾಲಿನ ಮಾರಾಟ, ಅದರಿಂದ ಸಾಲಕ್ಕೆ ಜಮೆ, ಉಳಿದದ್ದು ಠೇವಣಿಗೆ. ಒಬ್ಬ ಸದಸ್ಯನ ಮೂರು ಖಾತೆ ಒಟ್ಟಿಗೆ ನೋಡದಿದ್ದರೆ ಸುಸ್ತಿ ಸಾಲ ಕಾಣಿಸುವುದೇ ಇಲ್ಲ. ತೆರಿಗೆಯ ಬದಿಯಲ್ಲಿ 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯ 80ಪಿ ಎಂದೇ ಹೆಸರಾದ, ಸಹಕಾರಿ ಸಂಘಗಳ ಆದಾಯಕ್ಕೆ ಸಿಗುವ ಕಡಿತ ಇದೆ. ಸಂಘ ರಿಟರ್ನನ್ನು ಗಡುವಿನೊಳಗೆ ಹಾಕದಿದ್ದರೆ ಆ ಕಡಿತ ಪೂರ್ತಿ ಕೈತಪ್ಪುತ್ತದೆ. ಒಂದು ದಿನದ ತಡಕ್ಕೆ ವರ್ಷದ ಲಾಭದ ಮೇಲೆ ತೆರಿಗೆ ಬಂದರೆ ಆ ಸಂಘ ಮರುವರ್ಷ ಅದೇ ಆಫೀಸಿಗೆ ಬರುವುದು ಕಷ್ಟ. ದೇಶದ ಸಿಎ ವಿದ್ಯಾರ್ಥಿಗಳು ಓದುವ ಒಂದು ತೀರ್ಪು ಶಿರಸಿಯದೇ ಎಂಬುದು ಇಲ್ಲಿನ ಬಹಳ ಹುಡುಗರಿಗೆ ಗೊತ್ತಿರುವುದಿಲ್ಲ. ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಸದಸ್ಯರಿಗೆ ಕೊಡಬೇಕಿದ್ದ ಆದರೆ ತಕ್ಷಣ ಬೇಕಿರದ ಹಣವನ್ನು ಅಲ್ಪಾವಧಿ ಠೇವಣಿಯಲ್ಲಿ ಇಟ್ಟು ಗಳಿಸಿದ ಬಡ್ಡಿ ಇತರೆ ಮೂಲದ ಆದಾಯ, ಅದು ಸಾಲ ಕೊಡುವ ಅಥವಾ ಮಾಲು ಮಾರಿಸುವ ವ್ಯವಹಾರದ ಲಾಭವಲ್ಲ ಎಂದಿತು. ಸೊಸೈಟಿ ಫೈಲಿನಲ್ಲಿ ಬಡ್ಡಿ ಜಮೆಯನ್ನು ಸದಸ್ಯರ ಸಾಲದ ಬಡ್ಡಿ, ಬ್ಯಾಂಕ್ ಠೇವಣಿಯ ಬಡ್ಡಿ ಎಂದು ಬೇರೆ ಬೇರೆ ತೋರಿಸಲು ಹಿರಿಯರು ಹೇಳುವುದು ಅದಕ್ಕೇ.

ಕಾರವಾರದ ಕಡೆಗೆ ಹೋದರೆ ಗುತ್ತಿಗೆದಾರರ ಫೈಲು ಹೆಚ್ಚು. ಕೈಗಾ, ಕದಂಬ ನೌಕಾನೆಲೆ, ಬಂದರು, ಹೆದ್ದಾರಿ ಕೆಲಸ ಇರುವ ಕಡೆ ಇದು ಸಹಜ. ಇಲ್ಲಿ ಹೊಸಬರ ತಪ್ಪು ಹೆಚ್ಚೂಕಡಿಮೆ ಯಾವಾಗಲೂ ಒಂದೇ: ಬ್ಯಾಂಕಿಗೆ ಬಂದ ಹಣವನ್ನೇ ಆದಾಯವೆಂದು ಬರೆಯುವುದು. ಒಬ್ಬ ವ್ಯಕ್ತಿ 10,00,000 ರೂಪಾಯಿಯ ಸರ್ಕಾರಿ ಕಾಮಗಾರಿ ಬಿಲ್ ಮಾಡಿದರು ಎಂದುಕೊಳ್ಳಿ. ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 11,80,000. ಪಾವತಿಸುವ ಇಲಾಖೆ ಆದಾಯ ತೆರಿಗೆಗೆಂದು ಶೇ. 1, ಅಂದರೆ 10,000 ಹಿಡಿಯಿತು. ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 20,000. ಕಾರ್ಮಿಕ ಕಲ್ಯಾಣ ಸೆಸ್ ಶೇ. 1, ಮತ್ತೆ 10,000. ಭದ್ರತಾ ಠೇವಣಿ ಶೇ. 5 ಎಂದಾದರೆ 50,000. ಖಾತೆಗೆ ಬಿದ್ದದ್ದು 10,90,000. ಹೊಸಬರು ಅಷ್ಟನ್ನೇ ಜಮೆ ಬರೆದು ಕೂತರೆ ಮಾರಾಟ, ತೆರಿಗೆ, ಬರಬೇಕಾದ ಠೇವಣಿ ಎಲ್ಲವೂ ಒಂದರೊಳಗೊಂದು ಕರಗಿಹೋಗುತ್ತವೆ. ಸರಿಯಾದ ಎಂಟ್ರಿಯಲ್ಲಿ ಇವೆಲ್ಲವೂ ಬೇರೆ ಬೇರೆ ಲೆಡ್ಜರಿಗೆ ಹೋಗುತ್ತವೆ. 20,000 ಜಿಎಸ್‌ಟಿ ಟಿಡಿಎಸ್ ತಾನಾಗಿ ಬರುವುದಿಲ್ಲ. ಪೋರ್ಟಲ್ಲಿನಲ್ಲಿ ಅದನ್ನು ಒಪ್ಪಿ ಸಲ್ಲಿಸಿದ ಮೇಲಷ್ಟೇ ನಗದು ಲೆಡ್ಜರಿಗೆ ಸೇರುತ್ತದೆ. ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತಿರುವ ಇಂಥ ಮೊತ್ತವನ್ನು ಹುಡುಕಿ ತೆಗೆದುಕೊಟ್ಟ ಸಹಾಯಕರನ್ನು ಯಾವ ಪಾರ್ಟಿಯೂ ಮರೆಯುವುದಿಲ್ಲ.

ಗೋಕರ್ಣ, ಮುರ್ಡೇಶ್ವರದ ವಸತಿಗೃಹಗಳಲ್ಲೂ ಇದೇ ರೋಗ, ಕಮಿಷನ್ ಕಳೆದು ಆನ್‌ಲೈನ್ ಕಂಪನಿ ಕಳಿಸಿದ ಮೊತ್ತವನ್ನೇ ಬಾಡಿಗೆ ಎಂದು ಬರೆಯುವುದು. 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಜಿಎಸ್‌ಟಿ, ಆದರೆ ಖರೀದಿಯ ತೆರಿಗೆ ಜಮೆ ಸಿಗುವುದಿಲ್ಲ. ಹಳೆಯ ಅಭ್ಯಾಸದಲ್ಲಿ 2ಬಿ ನೋಡಿ ಜಮೆ ತೆಗೆದುಕೊಂಡರೆ ನೋಟಿಸು ಖಚಿತ. ಭಟ್ಕಳದ ಕಡೆ ಗಲ್ಫ್ ದುಡಿಮೆಯ ಫೈಲು ಬಂದರೆ ಪಾಸ್‌ಪೋರ್ಟಿನ ಮುದ್ರೆ ನೋಡಿ ವರ್ಷದಲ್ಲಿ ದೇಶದೊಳಗೆ ಇದ್ದ ದಿನ ಎಣಿಸುವುದೇ ಮೊದಲ ಕೆಲಸ, ತೆರಿಗೆ ಅದರ ಮೇಲೆ ನಿಂತಿದೆ.

ಮೂರು ವರ್ಷದ ಅಳತೆ

ಬಡ್ತಿ ಅಂದರೆ ಈ ಆಫೀಸುಗಳಲ್ಲಿ ಹುದ್ದೆಯ ಹೆಸರಲ್ಲ. ಇರುವುದೇ ಐದೆಂಟು ಜನ. ಅಳೆಯಬೇಕಾದದ್ದು ಯಾವ ಮಟ್ಟದ ಕೆಲಸವನ್ನು ಇನ್ನೊಬ್ಬರ ಸಹಾಯವಿಲ್ಲದೆ ಮುಗಿಸಬಲ್ಲಿರಿ ಎಂಬುದನ್ನು. ಮೊದಲ ಆರು ತಿಂಗಳು ಎಂಟ್ರಿ, ಬ್ಯಾಂಕ್ ಹೊಂದಾಣಿಕೆ, ಜಿಎಸ್‌ಟಿಆರ್-1. ಒಂದೂವರೆ ವರ್ಷದೊಳಗೆ 2ಬಿ ತಾಳೆ, 3ಬಿ, ಟಿಡಿಎಸ್ ರಿಟರ್ನ್. ಮೂರನೇ ವರ್ಷಕ್ಕೆ ಅಢಾವೆ ಪತ್ರಿಕೆ ಮುಗಿಸುವುದು, ತೆರಿಗೆ ಆಡಿಟ್ ವರದಿಯ ಕಲಮುಗಳಿಗೆ ದಾಖಲೆ ಜೋಡಿಸುವುದು. ಅದಾದ ಮೇಲೆ ನೋಟಿಸಿಗೆ ಉತ್ತರ ಬರೆಯುವುದು. ನೋಟಿಸಿನ ಉತ್ತರ ಬರೆಯಬಲ್ಲವರೇ ಆಫೀಸಿನ ನಿಜವಾದ ಹಿರಿಯರು.

ಸಿಕ್ಕಿಬೀಳುವ ಜಾಗ ಎರಡನೇ ಮೆಟ್ಟಿಲು. ಜಿಎಸ್‌ಟಿ ಚೆನ್ನಾಗಿ ಮಾಡುತ್ತಾರೆಂದು ಎಂಬತ್ತು ನೂರು ಪಾರ್ಟಿಗಳ 3ಬಿ ಒಬ್ಬರ ತಲೆಗೆ ಕಟ್ಟಿದರೆ ಅವರಿಗೆ ಅಢಾವೆ ಪತ್ರಿಕೆ ನೋಡಲು ಸಮಯವೇ ಉಳಿಯುವುದಿಲ್ಲ. ಆಫೀಸಿಗೆ ಅನುಕೂಲ, ಅವರಿಗೆ ನಷ್ಟ. ಬ್ಯಾಂಕ್ ಸ್ಟೇಟ್‌ಮೆಂಟ್ ಈಗ ತಂತ್ರಾಂಶವೇ ಓದಿ ಎಂಟ್ರಿ ಹಾಕುತ್ತದೆ, ಖರೀದಿ ತಾಳೆಯೂ ಯಂತ್ರದ ಕೆಲಸವಾಗುತ್ತಿದೆ. ಬರೀ ಎಂಟ್ರಿ ಮತ್ತು ಫೈಲಿಂಗ್ ಗೊತ್ತಿದ್ದವರ ಕೆಲಸವೇ ಮೊದಲು ಸವೆಯುವುದು. ಇನ್ನೊಂದೆಡೆ, 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಹಳೆಯ ಕಲಮುಗಳ ಸಂಖ್ಯೆಗಳೆಲ್ಲ ಬದಲಾಗಿವೆ. ಇಪ್ಪತ್ತು ವರ್ಷದ ಅನುಭವಿಯೂ ಹೊಸದಾಗಿ ಪುಸ್ತಕ ತೆರೆಯಬೇಕಾದ ಇಂಥ ಹೊತ್ತು ಈ ವೃತ್ತಿಯಲ್ಲಿ ಅಪರೂಪ. ಕಿರಿಯರು ಮುಂದೆ ಬರಲು ಇದಕ್ಕಿಂತ ಒಳ್ಳೆಯ ಸಮಯ ಬೇಗ ಸಿಗುವುದಿಲ್ಲ.

ಸಿಎ ಮಾಡದವರಿಗೂ ದಾರಿ ಇಲ್ಲವೆಂದಲ್ಲ. ಕಾಮರ್ಸ್ ಪದವೀಧರರು ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ಕೇಂದ್ರದ ಪರೋಕ್ಷ ತೆರಿಗೆ ತರಬೇತಿ ಸಂಸ್ಥೆ ನ್ಯಾಸಿನ್‌ನ ಪರೀಕ್ಷೆ ಪಾಸಾಗಿ ಜಿಎಸ್‌ಟಿ ಪ್ರಾಕ್ಟೀಶನರ್ ಆಗಬಹುದು, ಸ್ವಂತ ಆಫೀಸು ತೆರೆಯಬಹುದು. ಸೊಸೈಟಿಗಳಲ್ಲಿ ಲೆಕ್ಕಿಗ, ಮುಖ್ಯ ಕಾರ್ಯನಿರ್ವಾಹಕ ಹುದ್ದೆಗಳಿಗೆ ಸೊಸೈಟಿ ಆಡಿಟ್ ಮಾಡಿದ ಅನುಭವ ತೂಕದ್ದು. ಹುಬ್ಬಳ್ಳಿ, ಗೋವಾದ ಕಾರ್ಖಾನೆ ಹೋಟೆಲುಗಳಿಗೆ ಹೋಗುವವರೂ ಇದ್ದಾರೆ. ಮೂರನೇ ಮೆಟ್ಟಿಲು ಮುಗಿಸದೆ ಹೊರಟರೆ ಮಾತ್ರ ಹೊಸ ಜಾಗದಲ್ಲೂ ಎಂಟ್ರಿಯಿಂದಲೇ ಶುರು.

ಆರ್ಟಿಕಲ್‌ಶಿಪ್ ಇಲ್ಲೇ ಮಾಡಬಹುದೆ?

2023ರ ಜುಲೈನಲ್ಲಿ ಬಂದ ಹೊಸ ಪದ್ಧತಿಯಲ್ಲಿ ಸಿಎ ಇಂಟರ್‌ಮೀಡಿಯೇಟ್‌ನ ಎರಡೂ ಗುಂಪು ಪಾಸಾದ ಮೇಲೆ ಎರಡು ವರ್ಷದ ಆರ್ಟಿಕಲ್‌ಶಿಪ್. ಮೊದಲು ಮೂರು ವರ್ಷ ಇತ್ತು. ಅದು ಮುಗಿದು ಆರು ತಿಂಗಳ ಓದಿನ ನಂತರ ಫೈನಲ್ ಪರೀಕ್ಷೆ. ರಜೆ ವರ್ಷಕ್ಕೆ 12 ದಿನ. ಕೆಲಸದ ಅವಧಿಗೆ ಸಿಎಗಳ ರಾಷ್ಟ್ರೀಯ ಸಂಸ್ಥೆ ಐಸಿಎಐ ಹೇಳಿರುವ ಲೆಕ್ಕ ವಾರಕ್ಕೆ 35 ಗಂಟೆ. ಸೆಪ್ಟೆಂಬರಿನಲ್ಲಿ ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಕನಿಷ್ಠ ಸ್ಟೈಪೆಂಡು ಊರಿನ ಜನಸಂಖ್ಯೆ ನೋಡಿ ನಿಗದಿಯಾಗುತ್ತದೆ: 20 ಲಕ್ಷಕ್ಕೂ ಮೇಲಿನ ನಗರ, 4ರಿಂದ 20 ಲಕ್ಷ, 4 ಲಕ್ಷಕ್ಕೂ ಕಡಿಮೆ. ನಮ್ಮ ಜಿಲ್ಲೆಯ ಎಲ್ಲ ಊರೂ ಕೊನೆಯ ಪಟ್ಟಿಯಲ್ಲೇ. ಅದು ಕನಿಷ್ಠ ಮಾತ್ರ, ಹೆಚ್ಚು ಕೊಡಲು ಯಾರೂ ಅಡ್ಡಿ ಮಾಡಿಲ್ಲ. ಮನೆಯಲ್ಲೇ ಉಳಿಯುವುದರಿಂದ ಬಾಡಿಗೆ, ಮೆಸ್ಸಿನ ಖರ್ಚು ಉಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೇರಿದ ದಿನದಿಂದ 30 ದಿನದೊಳಗೆ ನೋಂದಣಿ ಫಾರಂ 103 ಸಲ್ಲಿಕೆಯಾಗಬೇಕು. "ಸೀಸನ್ ಮುಗಿಯಲಿ, ಮಾಡೋಣ" ಎಂದು ಆಫೀಸಿನವರು ಮುಂದೂಡಿದರೆ ನಷ್ಟ ವಿದ್ಯಾರ್ಥಿಯದು. ಪರೀಕ್ಷೆಯ ಒಂದು ಸರದಿಯೇ ತಪ್ಪಿಹೋಗಬಹುದು. ಬಿ.ಕಾಂ. ಜೊತೆಗೇ ಮಾಡುವವರು ಫಾರಂ 112ರಲ್ಲಿ ಅನುಮತಿ ಪಡೆಯಬೇಕು, ಕಾಲೇಜಿನ ಹೊತ್ತು ಆಫೀಸಿನ ಹೊತ್ತಿಗೆ ಅಡ್ಡ ಬರಬಾರದು.

ಸಣ್ಣ ಊರಿನ ಆರ್ಟಿಕಲ್‌ಶಿಪ್‌ನ ಕೊರತೆ ಸ್ಪಷ್ಟ. ದೊಡ್ಡ ಕಂಪನಿಗಳ ಲೆಕ್ಕಮಾನ, ಸಮೂಹ ಕಂಪನಿಗಳ ಕ್ರೋಡೀಕರಣ, ಅಂತಾರಾಷ್ಟ್ರೀಯ ತೆರಿಗೆ ಇವು ಫೈನಲ್ ಪುಸ್ತಕದಲ್ಲಿ ಇರುತ್ತವೆ, ಟೇಬಲ್ಲಿನ ಮೇಲೆ ಬರುವುದಿಲ್ಲ. ಎರಡನೇ ವರ್ಷದಲ್ಲಿ 9ರಿಂದ 12 ತಿಂಗಳು ಅಂಗೀಕೃತ ಕಂಪನಿಯಲ್ಲಿ ಕೈಗಾರಿಕಾ ತರಬೇತಿ ಪಡೆಯುವ ಅವಕಾಶ ನಿಯಮದಲ್ಲೇ ಇದೆ. ಊರಲ್ಲಿ ಒಂದು ವರ್ಷ ಬುನಾದಿ ಹಾಕಿ ಅಲ್ಲಿಗೆ ಹೋಗುವುದು ಎರಡನ್ನೂ ಹೊಂದಿಸುವ ದಾರಿ. ಇಂಟರ್ ಆದ ಕೂಡಲೇ ಬೆಂಗಳೂರಿಗೆ ಓಡಬೇಕು ಎಂಬ ಸಲಹೆ ಎಲ್ಲರಿಗೂ ಹೊಂದುವುದಿಲ್ಲ.

ಸೇರುವ ಮುಂಚೆ ಕೇಳಬೇಕಾದದ್ದು

ಸಂಬಳದ ಮಾತಿನಲ್ಲಿ ಕಾನೂನಿನ ಕೆಲವು ಅಂಕಿ ಗೊತ್ತಿರಲಿ. ಪಿಎಫ್ 20 ಜನ ಇರುವ ಕಡೆ ಕಡ್ಡಾಯ. ಇಎಸ್‌ಐ 10 ಜನರಿಗೆ, ಅದೂ ಸಂಬಳ 21,000 ರೂಪಾಯಿವರೆಗಿನವರಿಗೆ. ಗ್ರಾಚ್ಯುಟಿ 10 ಜನ ಇರುವಲ್ಲಿ, ಸಾಮಾನ್ಯವಾಗಿ ಐದು ವರ್ಷ ಸೇವೆಯ ಮೇಲೆ. ಐದಾರು ಜನರ ಆಫೀಸಿಗೆ ಇವು ಯಾವುದೂ ಅನ್ವಯಿಸುವುದಿಲ್ಲ. ಆದ್ದರಿಂದ ಕೈಗೆ ಬರುವ ಮೊತ್ತವನ್ನು ಹತ್ತಿರದ ಸೊಸೈಟಿಯ ನೌಕರಿಯ ಸಂಬಳದ ಜೊತೆ ಹೋಲಿಸುವಾಗ ಅಲ್ಲಿನ ಪಿಎಫ್, ಬೋನಸ್ಸನ್ನೂ ಕೂಡಿಸಿ ನೋಡಬೇಕು. ಆಫೀಸಿನ ಬದಿಗೂ ಒಂದು ಕಾರಣ ಇದೆ: ಫೀಸು ಉದ್ರಿ. ರಿಟರ್ನ್ ಜುಲೈಯಲ್ಲಿ, ದುಡ್ಡು ಅಡಿಕೆ ಮಾರಿದ ಮೇಲೆ. ಫೀಸು ವಸೂಲಿಗೆ ವ್ಯವಸ್ಥೆ ಇಲ್ಲದ ಆಫೀಸಿನಲ್ಲಿ ಸಂಬಳ ಏರುವುದಿಲ್ಲ, ಎಷ್ಟೇ ಕೆಲಸ ಇದ್ದರೂ.

ಒಬ್ಬರಿಗೆ ಎಷ್ಟು ಫೈಲು, ನೀವು ಮಾಡಿದ್ದನ್ನು ಯಾರು ತಿದ್ದುತ್ತಾರೆ, ತಿದ್ದಿದ್ದನ್ನು ನಿಮಗೆ ತೋರಿಸುತ್ತಾರೋ ಸುಮ್ಮನೆ ತಾವೇ ಸರಿಮಾಡಿ ಕಳಿಸುತ್ತಾರೋ, ವರ್ಷಕ್ಕೊಮ್ಮೆ ಫೈಲಿನ ಬಗೆ ಬದಲಿಸುತ್ತಾರೋ ಎಂದು ಕೇಳಿ. ಸೀಸನ್ನಿನಲ್ಲಿ ಎಷ್ಟು ಹೊತ್ತಿನವರೆಗೆ ಎಂದೂ ಕೇಳಿ. ಶಿರಸಿಗೆ ಹಳ್ಳಿಯಿಂದ ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸಂಜೆಯ ಕೊನೆಯ ಬಸ್ಸು ಓವರ್‌ಟೈಮಿನ ದುಡ್ಡಿಗಿಂತ ದೊಡ್ಡ ವಿಷಯ. ತಡವಾದರೆ ಮನೆಗೆ ಬಿಡುವ ವಾಹನವನ್ನೋ, ಮನೆಯಿಂದಲೇ ಕೆಲಸ ಮಾಡಲು ಸರ್ವರ್ ಸಂಪರ್ಕವನ್ನೋ ಆಫೀಸು ಕೊಡುತ್ತದೆಯೇ ಎಂಬ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಅಲ್ಲಿನ ಕೆಲಸದ ವಾತಾವರಣ ಅರ್ಧ ತಿಳಿಯುತ್ತದೆ.

ಕೊನೆಯದಾಗಿ ಡ್ರಾಯರು ನೋಡಿ. ಪಾರ್ಟಿಗಳ ಡಿಜಿಟಲ್ ಸಹಿಯ ಟೋಕನ್‌ಗಳು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಬಿದ್ದಿವೆಯೇ, ಪಾಸ್‌ವರ್ಡುಗಳು ಎಲ್ಲರ ಕೈಗೆ ಸಿಗುವ ಒಂದು ಎಕ್ಸೆಲ್ ಹಾಳೆಯಲ್ಲಿವೆಯೇ? ಹಾಗಿದ್ದರೆ ನಾಳೆ ಏನಾದರೂ ತಪ್ಪಾದಾಗ ಯಾರ ಕೈಯಿಂದ ಆಯಿತು ಎಂದು ತೋರಿಸಲು ದಾಖಲೆ ಇರುವುದಿಲ್ಲ, ಬೆರಳು ತಿರುಗುವುದು ಕಿರಿಯರ ಕಡೆಗೆ. ಪಾರ್ಟಿಯ ಒಪ್ಪಿಗೆಯ ಒಂದು ಸಾಲು ಮೆಸೇಜು, ಯಾವ ದಿನ ಯಾವ ರಿಟರ್ನಿಗೆ ಸಹಿ ಬಳಸಿದ್ದು ಎಂಬ ಒಂದು ಪುಸ್ತಕ, ಕೆಲಸ ಬಿಡುವಾಗ ಪೆನ್‌ಡ್ರೈವಿನಲ್ಲಿ ಯಾರ ಫೈಲನ್ನೂ ಒಯ್ಯದೆ ಪಟ್ಟಿ ಮಾಡಿ ಒಪ್ಪಿಸಿ ಪಡೆದ ಸ್ವೀಕೃತಿ, ಇಷ್ಟನ್ನು ಆಫೀಸು ಕೇಳದಿದ್ದರೂ ಮೊದಲ ದಿನದಿಂದ ನೀವೇ ಇಟ್ಟುಕೊಳ್ಳಿ.